ಬಾವಿ ನೀರು, ಬೆಲ್ಲದ ತುಂಡು

ಬೀದರಿನ ಹೊರಗಿರುವ ಔಷಧ ಕಾರ್ಖಾನೆಯೊಂದರಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಒಮ್ಮೆ ಭಾಲ್ಕಿ ಕಡೆಯ ಒಂದು ಊರಿನ ಬಾವಿಯಿಂದ ಶೀಶೆ ತುಂಬಿಸಿ ತಂದು ನೋಡಿದೆ. ನಾವು ಔಷಧಕ್ಕೆ ಬಳಸುವ ರಾಸಾಯನಿಕ ಅದರಲ್ಲಿತ್ತು. ಕೈತಪ್ಪಾಗಿರಬೇಕೆಂದು ಮತ್ತೊಮ್ಮೆ ನೋಡಿದೆ. ಮತ್ತೆ ಅದೇ ಬಂತು.

ನನ್ನ ವರದಿ ಓದಿದ ಮ್ಯಾನೇಜರ್ ಕೋಣೆಯ ಬಾಗಿಲು ಮುಚ್ಚಿದರು.

"ಇದು ಹೊರಗ ಹೋದ್ರ ಕಾರ್ಖಾನಿಗಿ ಕೀಲಿ ಬೀಳ್ತದ. ನಿಮ್ಮ ನೌಕರಿನೂ ಹೋಗ್ತದ. ಆ ಊರಿಗಿ ಶುದ್ಧ ನೀರಿನ ಘಟಕ ಹಾಕಿ ಕೊಡ್ತೇವಲ್ಲ, ಮತ್ತೇನ್ ಬೇಕ್ರಿ?"

ಕೆಡಿಸಿದ್ದನ್ನು ಹೇಳದೆ ಉಪಕಾರ ಮಾಡಿದವರಂತೆ ಓಡಾಡುವ ಈ ಜಾಣತನ ಕಂಡು ಮೈ ಉರಿಯಿತು. ಆದರೆ ನಮ್ಮ ಮನೆ ನಡೆಯುವುದು ನನ್ನೊಬ್ಬಳ ಪಗಾರದಲ್ಲಿ. ಸಿಟ್ಟಿಗಿಂತ ಅಂಜಿಕೆ ದೊಡ್ಡದಾಯಿತು. ಬಾಯಿ ಮುಚ್ಚಿಕೊಂಡೆ.

ಘಟಕದ ಉದ್ಘಾಟನೆಗೆ ನನ್ನನ್ನೂ ಕರೆದುಕೊಂಡು ಹೋದರು. ಹಾರ, ಫೋಟೊ, ಚಪ್ಪಾಳೆ ಎಲ್ಲ ಮುಗಿಯಿತು. ಘಟಕದ ಎದುರು ಮನೆಯ ಮುದುಕಿಯೊಬ್ಬಳು ನನ್ನ ತವರು ಯಾವುದೆಂದು ಕೇಳಿದಳು. ಔರಾದ ಎಂದೆ. ಅವಳ ತವರೂ ಅದೇ! ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ಒಳಗಿಂದ ಬೆಲ್ಲದ ತುಂಡು, ಒಂದು ಚಂಬು ನೀರು ತಂದು ಲೋಟಕ್ಕೆ ಬಗ್ಗಿಸಿ ಕೊಟ್ಟಳು.

"ಆ ಮಷಿನ್ ನೀರು ಈಗ ಕುಡದು ನೋಡೀನಿ, ಸಪ್ಪಗ ಅದರಿ ಅಕ್ಕೋರೆ. ತವರಮನಿಯವರಿಗಿ ಅದು ಕೊಡ್ತಾರೇನು? ಬಾವಿ ನೀರೇ ತಂದೀನಿ, ಕುಡೀರಿ."

ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ಏನು ಹೇಳಲಿ? ಎರಡು ಮಾರು ದೂರದಲ್ಲಿ ನಿಂತ ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಲೋಟ ಖಾಲಿ ಮಾಡಿದೆ.

ಮುದುಕಿಯ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ತುಂಬು ಬಸುರಿ ಸೊಸೆಯ ಕಡೆ ತಿರುಗಿದಳು.

"ನೋಡಿದಿ? ಎರಡು ತಿಂಗಳಾತು, ವಾಸನಿ ಬರ್ತದಂತ ಬಾವಿ ನೀರು ಮುಟ್ಟವಲ್ಲಿ. ಕಂಪನಿ ಅಕ್ಕೋರೇ ಕುಡದ್ರು. ಇನ್ನೇನವ್ವ ನಿಂದು?"

ಅದೇ ಲೋಟ ತುಂಬಿಸಿ ಸೊಸೆಯ ಕೈಗಿಟ್ಟಳು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಲೋಟ ಎತ್ತಿದಳು.

ಯಾವಾಗ ಎದ್ದೆನೋ ಗೊತ್ತಿಲ್ಲ, ಲೋಟ ಕಿತ್ತುಕೊಂಡಿದ್ದೆ. ನೀರೆಲ್ಲ ಅವಳ ಸೀರೆಯ ಮೇಲೆ ಚೆಲ್ಲಿತು.

"ಕುಡಿಬ್ಯಾಡವ್ವ. ಈ ನೀರಾಗ ನಮ್ಮ ಕಾರ್ಖಾನಿದು ವಿಷ ಅದ. ಪರೀಕ್ಷಾ ಮಾಡಿದಾಕಿ ನಾನೇ."

ಮ್ಯಾನೇಜರ್ ನನ್ನ ಕಡೆ ಬರತೊಡಗಿದರು. ನಾನು ಖಾಲಿ ಲೋಟ ಕಟ್ಟೆಯ ಮೇಲಿಟ್ಟೆ. ಮುದುಕಿ ಅವರ ಕಡೆ ನೋಡಲೂ ಇಲ್ಲ.

"ಗೊತ್ತಿತ್ತಂದ್ರ ಮತ್ತ ನೀವ್ಯಾಕ ಕುಡದ್ರಿ?" ಎಂದು ಕೇಳಿದಳು.

"ಅಂಜಿ ಕುಡದೀನ್ರಿ," ಎಂದೆ.