ಮಂಗಳವಾರ, ಶುಕ್ರವಾರದ ಪಾಠ

ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ನೀಟ್ ಪರೀಕ್ಷೆಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷ ಒಬ್ಬ ಹುಡುಗಿಗೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಪ್ರತ್ಯೇಕ ಪಾಠವಿತ್ತು. ಪಿಯುಸಿ ಮುಗಿಸಿ ಎರಡನೇ ಸಲ ಪರೀಕ್ಷೆಗೆ ಕೂರುವವಳು. ದಿನ ಗೊತ್ತುಮಾಡಿದ್ದು ಅವಳ ತಾಯಿ, ಕುಪ್ಪಸ ಹೊಲಿಯುವ ಹೆಂಗಸು. ಮನೆಯಲ್ಲಿ ಅವರಿಬ್ಬರೇ.

ಹುಡುಗಿ ಓದುತ್ತಿರಲಿಲ್ಲ. ಅಭ್ಯಾಸದ ಉತ್ತರಪತ್ರಿಕೆ ಕೊಟ್ಟರೆ ಪ್ರಶ್ನೆ ನೋಡದೆ ವೃತ್ತಗಳನ್ನು ಅಚ್ಚುಕಟ್ಟಾಗಿ ಕಪ್ಪು ಮಾಡಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದಳು.

“ಗೋಡಿ ಮ್ಯಾಗ ಉತ್ತರ ಬರದೈತೇನು?” ಎಂದು ಒಮ್ಮೆ ಗದರಿದೆ.

“ಇಲ್ರಿ. ಗಡಿಯಾರ ಐತಿ.”

“ಓಡಿಹೋಗಾಕ ಅಷ್ಟು ಅವಸರ?”

“ಅವ್ವನ ಡಯಾಲಿಸಿಸ್ ನಾಕಕ್ಕ ಮುಗಿತೈತ್ರಿ, ಹರಪನಹಳ್ಳ್ಯಾಗ. ಒಬ್ಬಾಕಿನೇ ಹೋಗ್ಯಾಳ. ದಿನ ಬದಲ್ ಮಾಡ್ರಿ ಮೇಡಂ, ನಾನೂ ಜೋಡಿ ಹೋಗ್ತೀನಿ.”

ಸಂಜೆ ತಾಯಿಗೆ ಫೋನ್ ಮಾಡಿದೆ. ವಾಪಸು ಬರುವ ಬಸ್ಸಿನಲ್ಲಿದ್ದರು.

“ಬ್ಯಾಡ್ರಿ ಮೇಡಂ. ಡಯಾಲಿಸಿಸ್ ದಿನ ನೋಡೇ ಪಾಠಕ್ಕ ಆ ದಿನ ಹೇಳಿದ್ದು ನಾನು. ಪೈಪಿನಾಗ ನನ್ನ ರಕ್ತ ಹೋಗದು ನೋಡ್ಕೋಂತ ಕುಂತ್ರ ಆಕಿ ಏನ್ ಓದ್ತಾಳ? ನಾ ಬ್ಯಾಡಂದೆ ಅಂತ ಮಾತ್ರ ಹೇಳಬ್ಯಾಡ್ರಿ. ಸಿಟ್ಟು ನಿಮ್ಮ ಮ್ಯಾಗ ಇರ್ಲಿ. ನನ್ನ ಮ್ಯಾಗ ಸಿಟ್ಟಾದ್ರ ಊಟ ಬಿಡ್ತಾಳ.”

ಮುಂದಿನ ಪಾಠದಲ್ಲಿ, ಬೇರೆ ದಿನ ನನಗೆ ಬಿಡುವಿಲ್ಲ ಎಂದೆ. ಬಿಡುವಿತ್ತು. “ಆತ್ರಿ” ಎಂದಳು. ಆಮೇಲೆ ಕೇಳಲಿಲ್ಲ, ಓದಲೂ ಇಲ್ಲ. ನಾನು ಗಡಿಯಾರವನ್ನು ಗೋಡೆಯಿಂದ ತೆಗೆದು ಒಳಗಿಟ್ಟೆ.

ಪರೀಕ್ಷೆಗೆ ಮುಂಚೆಯೇ ತಾಯಿ ತೀರಿಕೊಂಡರು. ನನ್ನ ನೆನಪು ಅದನ್ನು ಒಂದು ಶುಕ್ರವಾರಕ್ಕೆ ಎಳೆದು ತರುತ್ತದೆ: ಅವರು ಬಸ್ಸಿನಲ್ಲಿ, ಮಗಳು ನನ್ನೆದುರು. ಹಾಗಾಗಲಿಲ್ಲ. ಭಾನುವಾರ ಬೆಳಿಗ್ಗೆ, ಮನೆಯಲ್ಲಿ, ಮಗಳ ಪಕ್ಕದಲ್ಲೇ ಹೋದರು. ಇದು ಗೊತ್ತಿದ್ದೂ ಶುಕ್ರವಾರವೇ ಮೊದಲು ನೆನಪಿಗೆ ಬರುತ್ತದೆ.

ಮಾತನಾಡಿಸಲು ಹೋದೆ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಬಂದವರೆಲ್ಲ ಹೊರಗೆ ಹೋಗುವವರೆಗೆ ಕಾದು ಕೇಳಿದಳು:

“ನಾ ಆಸ್ಪತ್ರಿಗಿ ಬರದು ಬ್ಯಾಡ ಅಂತ ಅವ್ವ ನಿಮಗೇನರ ಅಂದಿದ್ಲೇನ್ರಿ?”

“ಇಲ್ಲವ್ವ. ದಿನ ಬದಲ್ ಮಾಡ್ರಿ ಅಂತ್ಲೇ ಅಂದಿದ್ರು. ನಾನೇ ಒಪ್ಪಲಿಲ್ಲ.”

ಇದನ್ನು ದಯೆ ಎಂದು ಕರೆದುಕೊಳ್ಳಲು ಮನಸ್ಸು ಬರುವುದಿಲ್ಲ. ತಾಯಿ ಬೇಡವೆಂದದ್ದು ನಿಜ. ಆದರೂ ಆ ಮಧ್ಯಾಹ್ನಗಳಲ್ಲಿ ಮಗಳನ್ನು ತಾಯಿಯ ಜೊತೆ ಬಿಟ್ಟುಕೊಡುವುದು ನನ್ನ ಕೈಯಲ್ಲಿತ್ತು. ಎದುರಿಗೆ ಕೂರಿಸಿಕೊಂಡು ನಾನೇನೂ ಕಲಿಸಲೂ ಇಲ್ಲ.

ಅವಳು ಎದ್ದು ಒಳಗೆ ಹೋಗಿ, ನಾನು ಓದಲು ಕೊಟ್ಟಿದ್ದ ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟಳು.

“ಪರೀಕ್ಷೆ?” ಎಂದೆ.

“ಅದು ಅವ್ವಂದಿತ್ರಿ.”

ಪುಸ್ತಕ ತೆಗೆದುಕೊಂಡು ಎದ್ದೆ. ಕುಂದರ್ರಿ ಎಂದು ಅವಳು ಅನ್ನಲಿಲ್ಲ.