ಪರೀಕ್ಷೆಯ ದಿನ ಮಾತ್ರ ಕೆಮ್ಮುತ್ತಿದ್ದ ಕಾರು

ಬೇಗೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ, ನಾನು ಅಕ್ಕ ಎಂದು ಕರೆಯುವವರು, ಅವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕಾರು ಓಡಿಸುವ ಆಸೆ ಹುಟ್ಟಿತು. ಅವರ ಗಂಡ ಹೊಸ ಕಾರು ತಂದಿದ್ದರು, ಕೀ ಮಾತ್ರ ಕೊಡುತ್ತಿರಲಿಲ್ಲ. “ಮೊದ್ಲು ಲೈಸೆನ್ಸ್ ತಗಂಬಾ, ಆಮೇಲೆ ನೋಡಣ” ಎಂಬುದು ಅವರ ಷರತ್ತು. ಹಾಗಾಗಿ ಅಕ್ಕ ಕಲಿತದ್ದು ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ. ಪರೀಕ್ಷೆಗೆ ಹೋದದ್ದೂ ಅದರಲ್ಲೇ.

ಎರಡು ಸಲ ಫೇಲಾದರು. ಎರಡೂ ಸಲ ಪರೀಕ್ಷೆಯ ಮೈದಾನದ ದಿಬ್ಬದ ಮೇಲೆ ಕಾರು ನಡುಗಿ, ಕೆಮ್ಮಿ, ನಿಂತುಬಿಟ್ಟಿತು. ಅಭ್ಯಾಸದ ದಿನಗಳಲ್ಲಿ ಅದೇ ಕಾರು ಕೆರೆ ಏರಿಯನ್ನು ಸಲೀಸಾಗಿ ಹತ್ತುತ್ತಿತ್ತು. ಭಯ ಅಂದೆ ನಾನು. ಕ್ಲಚ್ ಅಂದರು ಗಂಡ. ಕಲಿಕಾ ಲೈಸೆನ್ಸಿನ ಅವಧಿ ಮುಗಿಯಲು ಹತ್ತು ದಿನ ಉಳಿದಿತ್ತು. ಮೂರನೇ ಸಲವೂ ತಪ್ಪಿದರೆ ಎಲ್ಲ ಮೊದಲಿನಿಂದ.

“ಇನ್ನು ಆಟೋನೇ ಗತಿ ಕಣೆ ನಿಂಗೆ” ಎಂದು ಗಂಡ ಜಗಲಿಯಿಂದಲೇ ಛೇಡಿಸುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಅಂಗಳ ತೊಳೆಯುವ ಪೈಪಿನಿಂದಲೇ ಕಾರನ್ನೂ ತೊಳೆದಿದ್ದರು. ಸ್ವಲ್ಪ ಹೊತ್ತಿಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ಕೆರೆ ಏರಿಯ ಮೇಲೆ ಕಾರು ನಡುಗಿತು, ಕೆಮ್ಮಿತು, ನಿಂತಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಯಾವ್ ಕ್ಲಚ್ ಬುಟ್ರಿ ಸಾ?”

“ಅಕ್ಕಾ, ಪರೀಕ್ಷೆ ದಿನಾನೂ ಕಾರ್ ತೊಳ್ದಿದ್ರಾ?”

“ತೊಳೀದೆ ಓಗಕ್ಕಾಯ್ತದಾ? ಐದ್ ಗಂಟೆಗೇ ಎದ್ದು, ಇವತ್ನಂಗೇ ಬಾನೆಟ್ ಎತ್ತಿ ಇಂಜಿನ್‌ಗೂ ಪೈಪ್ ಬುಟ್ಟು, ಅರಿಶಿನ ಕುಂಕುಮ ಇಟ್ಟು, ಆಯುಧ ಪೂಜೆ ತರಾನೇ ಮಾಡಿದ್ದೆ.”

ಅಂದೇ ಮಧ್ಯಾಹ್ನ ಚಂದಾಪುರದ ಮೆಕ್ಯಾನಿಕ್ ಶೆಡ್ಡಿಗೆ ಹೋದೆವು. ಮೆಕ್ಯಾನಿಕ್ ಬಾಗಲಕೋಟೆ ಕಡೆಯವರು. ಬಾನೆಟ್ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು.

“ಮುಂಜಾನೆ ಚಾಲೂ ಆಗಾಕ ತಡಾ ಮಾಡ್ತೈತೇನ್ರಿ? ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತೇನ್ರಿ? ಸಿಗ್ನಲ್‌ನ್ಯಾಗ ನಿಂತಾಗ ನಡಗತೈತೇನ್ರಿ?”

ಮೂರಕ್ಕೂ ಹೌದೆಂದೆ. ಮೂರನ್ನೂ ತಿಂಗಳುಗಳಿಂದ ನೋಡಿದ್ದೆ. ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಅವರು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಕಿಡಿ ಹಾರುವ ತುದಿ ಸವೆದು ಮಸಿ ಹಿಡಿದಿತ್ತು. ಸರಿಯಾಗಿರುವ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿರಬೇಕಂತೆ. ಅದನ್ನು ಮತ್ತೆ ಕೂರಿಸಿ, ಶೆಡ್ಡಿನ ಷಟರ್ ಅರ್ಧ ಇಳಿಸಿ ಕತ್ತಲು ಮಾಡಿದರು. ಪ್ಲಗ್ಗುಗಳಿಗೆ ಕರೆಂಟು ಒಯ್ಯುವ ವೈರುಗಳ ಮೇಲೆ ನೀರು ಚಿಮುಕಿಸಿ ಇಂಜಿನ್ ಚಾಲೂ ಮಾಡಿದರು. ರಬ್ಬರಿನ ಬಿರುಕುಗಳಿಂದ ನೀಲಿ ಕಿಡಿಗಳು ಚಟಪಟನೆ ಜಿಗಿದವು.

“ಅಯ್ಯಯ್ಯೋ, ದೀಪಾವಳಿ!” ಅಕ್ಕ ಚಪ್ಪಾಳೆ ತಟ್ಟಿದರು.

“ಒಳಗ ಹಾರೋ ಕಿಡಿ ಹೊರಗ ಹಾರಾಕತ್ತೈತ್ರಿ. ನೀರು ಆರಿದ ಮ್ಯಾಲ ಸುಮ್ಮನಾಗ್ತೈತಿ, ಅದಕ್ಕ ನಿಮಗ ಗೊತ್ತಾಗಿಲ್ಲ. ಈ ವೈರಿಗೆ ಕುಂಕುಮ ಯಾರ್ ಹಚ್ಚಿದ್ರಿ?”

“ನಾನೇ ಕಣಪ್ಪಾ. ಮೈಯೆಲ್ಲ ತೊಳ್ದು ಎದೆ ಒಂದ್ ಬುಡಕ್ಕಾಯ್ತದಾ?”

“ಬಿಡ್ರಿ ಯಕ್ಕಾ, ಕೈ ಮುಗಿತೀನಿ. ನಂಬರ್ ಪ್ಲೇಟಿಗೆ ಹಚ್ರಿ.”

ನಾಲ್ಕು ಪ್ಲಗ್ಗುಗಳನ್ನೂ ಅವುಗಳ ವೈರುಗಳನ್ನೂ ಒಮ್ಮೆಗೇ ಬದಲಾಯಿಸಿದರು. ಹೊಸೂರು ರಸ್ತೆಯಲ್ಲಿ ಹಿಂತಿರುಗುವಾಗ ಅಕ್ಕ ಪ್ರತಿ ಸಿಗ್ನಲ್ಲಿನಲ್ಲೂ ಗಾಜು ಇಳಿಸಿ, ಪಕ್ಕದ ಆಟೋದವರಿಗೆ ಸುದ್ದಿ ಮುಟ್ಟಿಸಿದರು: “ಫೇಲಾಗಿದ್ದು ಕಾರು ಕಣಣ್ಣಾ, ನಾನಲ್ಲ!” ಒಬ್ಬರು ಕೈಕುಲುಕಿದರು.

ಮೂರನೇ ಪರೀಕ್ಷೆಗೆ ಧೂಳು ಮೆತ್ತಿದ ಕಾರಿನಲ್ಲೇ ಹೋದೆವು. ನಾನು ಬೇಲಿಯ ಆಚೆ ನಿಂತೆ. ಇನ್‌ಸ್ಪೆಕ್ಟರ್ ಅಕ್ಕನ ಪಕ್ಕ ಕುಳಿತರು. ದಿಬ್ಬದ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕಿತ್ತು. ನಿಲ್ಲಿಸಿದರು. ಆದರೆ ಎರಡು ಸಲ ಇದೇ ದಿಬ್ಬದಲ್ಲಿ ಕಾರು ಕೆಮ್ಮಿ ನಿಂತಿದ್ದರಿಂದ, ಈ ಸಲ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದೆಂದು ಅವರ ಕಾಲು ತೀರ್ಮಾನಿಸಿಬಿಟ್ಟಿತ್ತು. ಒತ್ತಿದರು. ಕಾರು ಒಂದಿಂಚೂ ಹಿಂದೆ ಸರಿಯದೆ ಕರುವಿನಂತೆ ಜಿಗಿದು ದಿಬ್ಬ ದಾಟಿತು. ಇಳಿಯಿತು, ಮೈದಾನ ಸುತ್ತಿತು. ಇನ್‌ಸ್ಪೆಕ್ಟರ್ ಎರಡೂ ಕೈಯಲ್ಲಿ ಮೇಲಿನ ಹಿಡಿಯನ್ನು ಹಿಡಿದಿದ್ದರು.

“ಸಾಕಮ್ಮಾ, ಪಾಸು, ಪಾಸು! ಮೊದ್ಲು ನಿಲ್ಸಿ!”

ಗೆರೆಗೆ ಸರಿಯಾಗಿ ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಇಳಿದರು, ಅಕ್ಕ ಇಳಿಯಲಿಲ್ಲ. ಸ್ಟೀರಿಂಗ್ ಬಿಡದೆ ಒಂದೇ ಕೈಯಲ್ಲಿ ಗಂಡನಿಗೆ ಫೋನ್ ಹಚ್ಚಿದರು.

“ರೀ, ನಿಮ್ ಕಾರು ಈಚೆ ತೆಗ್ದು ಇಡಿ. ನೀವು ಇಂದ್ಗಡೆ ಸೀಟಲ್ಲಿ ಕೂತ್ಕಳಿ.”