ಉಳಿದುಹೋದ ಒಂದು ಮುಷ್ಟಿ ಕೊಸರು

ಡಿಸೆಂಬರ್ ಎಂಟು, ಸೋಮವಾರ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಇದನ್ನು ಬರೆಯಲು ಕುಳಿತಿದ್ದೇನೆ.

ಸಂಗಪ್ಪ ಕಾಕಾನ ಬಲಗೈ ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಒಳಗೆ ಏನೋ ಇದೆ, ಬಿಟ್ಟರೆ ಚೆಲ್ಲುತ್ತದೆ ಎನ್ನುವ ಹಾಗೆ. ಚಹಾದ ಕಪ್ಪನ್ನೂ ಅವರು ಎಡಗೈಯಲ್ಲೇ ಹಿಡಿಯುತ್ತಿದ್ದರು. ಲಕ್ವ ಹೊಡೆದಿರಬೇಕು ಎಂದುಕೊಂಡು ನಾನು ಕೇಳಲು ಹಿಂಜರಿದಿದ್ದೆ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕಾಕಾ ಕಾಳು, ಬೆಲ್ಲ, ಅವಲಕ್ಕಿ, ಪುಟಾಣಿ ಎನ್ನುವ ಹುರಿಗಡಲೆಯ ಹೋಲ್‌ಸೇಲ್ ವ್ಯಾಪಾರಿ. ಅವರ ಗೋದಾಮಿನಿಂದ ಟೆಂಪೊಗಳು ಬಾದಾಮಿ, ಹುನಗುಂದ, ಇಳಕಲ್ಲಿನ ಕಿರಾಣಿ ಅಂಗಡಿಗಳಿಗೆ ಹೋಗುತ್ತಿದ್ದವು. ಚೀಲಕ್ಕಿಂತ ಕಡಿಮೆ ಅವರು ಮಾರುತ್ತಿರಲಿಲ್ಲ. ಈ ವರ್ಷ ಯುಗಾದಿ ಮುಗಿದ ಮೇಲೆ ನನ್ನ ಪಕ್ಕದ ಖಾಲಿ ಮಳಿಗೆಯನ್ನು ಬಾಡಿಗೆಗೆ ಹಿಡಿದರು. ಚಿಲ್ಲರೆ ಅಂಗಡಿ ತೆಗೆಯುವ ವಿಚಾರ. ಎಪ್ಪತ್ತು ದಾಟಿದ ಮೇಲೆ ಇದೇನು ಹುಚ್ಚು ಎಂದು ಬಜಾರಿನವರು ನಕ್ಕರು.

ಕಾಕಾ ಅಲ್ಲಿಗೆ ತಂದಿಟ್ಟದ್ದು ಒಂದು ಕಟ್ಟಿಗೆಯ ಮೇಜು, ಹಿತ್ತಾಳೆಯ ಹಳೆಯ ತಕ್ಕಡಿ, ಒಂದು ಡಬ್ಬಿ ಪುಟಾಣಿ. ಅಷ್ಟೇ. ದಿನಾ ಸಂಜೆ ಗೋದಾಮು ಮುಚ್ಚಿ ಬಂದು, ಷಟರ್ ಅರ್ಧ ಎತ್ತಿ ಒಳಗೆ ಕೂರುತ್ತಿದ್ದರು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತೇನೆಂದು ಗೊತ್ತಾದ ಮೇಲೆ, ಮನೆಗೆ ಹೋಗುವಾಗ ನನ್ನ ಬಾಗಿಲಲ್ಲಿ ನಿಂತು ಕೇಳುವುದು ರೂಢಿಯಾಯಿತು.

“ಏನ್ರೀ ಡೈರಿ ಅಕ್ಕೋರ, ಇವತ್ತ ನಾ ಎಷ್ಟಕ್ಕ ಬಂದೆ?”

“ಆರೂ ಹತ್ತಕ್ಕ ಬಂದೀರಿ ಕಾಕಾ.”

“ಗಿರಾಕಿ?”

“ಯಾರೂ ಇಲ್ರಿ. ಅಂಗಡಿ ತೆಗದ್ರ ಬರ್ತಾರ.”

“ಹಂಗ ಬರಕೋ. ತೆಗದ್ರ ಬರ್ತಾರ.”

ಶ್ರಾವಣದ ಒಂದು ಸಂಜೆ ಮಳಿಗೆಯೊಳಗಿಂದ ಮಾತು ಕೇಳಿಸಿತು. “ನಿಂದರ ಬೇ, ಕೊಸರ ತಗೊಂಡ ಹೋಗ.” ತೂಕದ ಮೇಲೆ ಪುಕ್ಕಟೆ ಹಾಕುವ ಕೊಸರಿನ ಮಾತು ಕೇಳಿ, ಗಿರಾಕಿ ಬಂದರೆಂದು ಖುಷಿಯಾಗಿ, ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ತಕ್ಕಡಿ ತೂಗಾಡುತ್ತಿತ್ತು. ಕಾಕಾ ಮೇಜಿನ ಮೇಲಿಂದ ಬಾಗಿ, ಸಣ್ಣ ಮಗುವಿನ ಎತ್ತರಕ್ಕೆ ಮುಷ್ಟಿ ಚಾಚಿದ್ದರು. ನನ್ನನ್ನು ಕಂಡು ನಾಚಲಿಲ್ಲ. ಮುಷ್ಟಿಯನ್ನು ಡಬ್ಬಿಯೊಳಗೆ ಬಿಚ್ಚಿದರು. ಪುಟಾಣಿ ಬಿದ್ದ ಸದ್ದಾಯಿತು.

ಅವತ್ತು ಹೇಳಿದರು. ಹಳೇ ಬಾಗಲಕೋಟೆಯಲ್ಲಿ ಅವರದು ಚಿಲ್ಲರೆ ಅಂಗಡಿಯೇ ಇತ್ತಂತೆ. ಅಣೆಕಟ್ಟಿನ ಹಿನ್ನೀರಿಗೆ ಮುಳುಗುತ್ತದೆಂದು ಓಣಿ ಖಾಲಿಯಾದ ದಿನವೂ ಅದನ್ನು ತೆರೆದಿದ್ದರಂತೆ.

“ಕಡೀ ಗಿರಾಕಿ ಒಬ್ಬಾಕಿ ಮುದುಕಿ. ಬಗಲಾಗ ಮೊಮ್ಮಗಳು, ಎರಡು ಮೂರು ವರ್ಸದ ಕೂಸು. ಪಾವ್ ಕಿಲೋ ಪುಟಾಣಿ ಕೇಳಿದ್ಲು, ತೂಗಿ ಕೊಟ್ಟೆ. ಕೂಸು ಕೊಸರಿಗೆ ಕೈ ಚಾಚಿತು. ಅಂಗೈ ತುಂಬ ಸುಟ್ಟ ಕಲಿ. ನಾ ಡಬ್ಯಾಗ ಕೈ ಹಾಕೀನಿ, ಅಷ್ಟರಾಗ ಟ್ರ್ಯಾಕ್ಟರಿನವ ಹಾರ್ನ್ ಹೊಡದ. ಮುದುಕಿ ಓಡಿದ್ಲು. ಮುಷ್ಟಿ ಹಿಡಕೊಂಡ ನಾನೂ ಹಿಂದ ಓಡಿದೆ. ಧೂಳು ಬಿಟ್ರ ಏನೂ ಕಾಣಲಿಲ್ಲ. ಕೂಸು ಕೈ ಚಾಚಿಕೊಂಡ ಹೋತು.”

ನವನಗರಕ್ಕೆ ಬಂದು ಹೋಲ್‌ಸೇಲ್ ಹಿಡಿದರು. ವ್ಯಾಪಾರ ಬೆಳೆಯಿತು. “ಆದ್ರ ಚೀಲಕ್ಕ ಕೊಸರಿಲ್ಲ. ಚೀಲಾ ಒಯ್ಯಾವರ ಅಂಗೈ ಕಾಣೂದಿಲ್ಲ. ಚಿಲ್ಲರೆ ಅಂಗಡಿ ಇದ್ರ ಒಂದಲ್ಲ ಒಂದ ದಿನಾ ಆಕಿ ಬರ್ತಾಳ.”

“ಈಗ ಯಾರೂ ಕೈ ಚಾಚೂದಿಲ್ರಿ ಕಾಕಾ, ಫೋನ್ ತೋರಸ್ತಾರ.”

“ಕೊಸರಿಗೂ ಫೋನ್ ಚಾಚ್ತಾರೇನ?” ಎಂದು ನಕ್ಕರು. ಆಮೇಲೆ ನಗು ನಿಂತಿತು. “ಆಕಿಗೂ ಈಗ ನಿನ್ನಷ್ಟ ವಯಸ್ಸು ನೋಡು.”

ಅವರು ಕೇಳದಿದ್ದರೂ ನಾನು ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಟೋನರಿನ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ನಾನು ಹಳೇ ಬಾಗಲಕೋಟೆಯವಳಲ್ಲ, ಶಿರೂರಿನವಳೆಂದು ಅವರಿಗೆ ಗೊತ್ತಿತ್ತು. ಆದರೂ ಬಹಳ ಹೊತ್ತು ನೋಡಿದರು.

ದಸರೆಗೆ ಅಂಗಡಿ ಪೂಜೆ ಎಂದು ನಿಶ್ಚಯವಾಯಿತು. ಸುದ್ದಿ ತಿಳಿದು ಶಾಂತಕ್ಕ ಬಂದಳು. ನಮ್ಮ ರಸ್ತೆಯ ತಿರುವಿನಲ್ಲಿ ಅವಳದೊಂದು ಸಣ್ಣ ಕಿರಾಣಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಮಾಲು ತರುತ್ತಿದ್ದದ್ದು ಕಾಕಾನ ಗೋದಾಮಿನಿಂದ.

“ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ ಕಾಕಾ? ನೀವ ಇಲ್ಲಿ ಕುಂತ್ರ ನನ್ನ ಕಡೆ ಯಾರ ಬರ್ತಾರ?”

“ನಿನಗಿಂತ ಎರಡ ರೂಪಾಯಿ ಹೆಚ್ಚಿಗೆ ಮಾರ್ತೇನಿ ಶಾಂತಾ.”

“ನಾಕ ರೂಪಾಯಿ ಹೆಚ್ಚ ಮಾಡ್ರಿ, ಕೊಸರ ಸಿಗತೈತಂದ್ರ ಇಲ್ಲೇ ಬರ್ತಾರ. ಮಂದಿ ನನಗ ಗೊತ್ತಿಲ್ಲೇನು?” ಅವಳು ಹೊರಟವಳು ಮತ್ತೆ ತಿರುಗಿದಳು. “ನಾನೂ ಅಂಗಡಿ ಮುಚ್ಚಿ ನಿಮ್ಮಲ್ಲೇ ಕಸಾ ಹೊಡಿಯಾಕ ಬರ್ಲೇನು?”

ದಸರೆ ಬಂದು ಹೋಯಿತು. ಪೂಜೆ ಆಗಲಿಲ್ಲ.

ಅವರನ್ನು ನಾನು ಕಡೆಯ ಸಲ ಕಂಡದ್ದು ದೀಪಾವಳಿ ಕಳೆದ ಮೊದಲ ಗುರುವಾರ. ಪುಟಾಣಿ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಷಟರ್ ಪೂರ್ತಿ ಎಳೆದರು.

“ಡಬ್ಬಿ ಶಾಂತಾನ ಅಂಗಡ್ಯಾಗ ಇಡತೇನಿ. ಬಂದವರಿಗೆ ಆಕೀನ ಕೊಸರ ಕೊಡ್ಲಿ, ಪುಟಾಣಿ ನಾ ಕಳಿಸ್ತೇನಿ.”

“ಮತ್ತ ನಿಮ್ಮ ಅಂಗಡಿ?”

“ಒಂದ ಕೂಸಿನ ಕೈ ತುಂಬಾಕ ಹೋಗಿ ಇನ್ನೊಬ್ಬಾಕಿ ಕೈ ಖಾಲಿ ಮಾಡ್ಲೇನು?” ರಸ್ತೆಗಿಳಿದು ಹಿಂತಿರುಗಿ ನೋಡಿದರು. “ಆಕಿ ಬಂದ್ರ ಇಷ್ಟೊತ್ತಿಗೆ ಬಂದ್ಲು ಅಂತ ಬರದಿಡು.”

ಮರುವಾರ ತೀರಿಕೊಂಡರು. ಮಣ್ಣಿಗೆ ಹೋದಾಗ ನೋಡಿದೆ. ಬಲಗೈ ಅರ್ಧ ಮುಚ್ಚಿಯೇ ಇತ್ತು.

ಮಳಿಗೆಯನ್ನು ಇನ್ನೂ ಯಾರೂ ಬಾಡಿಗೆಗೆ ಹಿಡಿದಿಲ್ಲ. ತಕ್ಕಡಿ ಒಳಗೇ ಇದೆ. ದೊಡ್ಡ ಲಾರಿ ಹಾದರೆ ಅದರ ತಟ್ಟೆಗಳು ಒಂದಕ್ಕೊಂದು ತಾಗುತ್ತವೆ. ಎಷ್ಟು ಸಲ ಕೇಳಿದ್ದರೂ ನನ್ನ ಕೈ ಕೆಲಸ ಬಿಟ್ಟು ನಿಲ್ಲುತ್ತದೆ. ಶಾಂತಕ್ಕ ಡಬ್ಬಿಯನ್ನು ಖಾಲಿಯಾಗಲು ಬಿಟ್ಟಿಲ್ಲ. ಕೊಸರು ಹಾಕುವ ಮೊದಲು ಎದುರಿನವರ ಅಂಗೈ ನೋಡುತ್ತಾಳೆ. ಝೆರಾಕ್ಸ್ ಕೊಡುವಾಗ ನಾನೂ ನೋಡುತ್ತೇನೆ.

ಎಲ್ಲವನ್ನೂ ಬರೆದಿಡುವ ನಾನು ಒಂದನ್ನು ಕೇಳಲಿಲ್ಲ: ಆ ಕಲೆ ಎಡಗೈಯಲ್ಲಿತ್ತೋ ಬಲಗೈಯಲ್ಲೋ? ಮುದುಕಿಯ ಹೆಸರು ಕಾಕಾಗೂ ಗೊತ್ತಿರಲಿಲ್ಲ. ಹಳೇ ಬಾಗಲಕೋಟೆಯಿಂದ ಅಜ್ಜಿಯ ಬಗಲಲ್ಲಿ ಕೂತು ಹೋದ, ಅಂಗೈಯಲ್ಲಿ ಸುಟ್ಟ ಕಲೆಯಿರುವ ಹೆಣ್ಣುಮಗಳು ನಿಮಗೆ ಗೊತ್ತಿದ್ದರೆ, ಅಥವಾ ನೀವೇ ಆಗಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ನಿಮ್ಮ ಪುಟಾಣಿ ಇಲ್ಲಿದೆ.